ಮಾಗಡಿ ಕೆರೆ ಯಾವ ಕಲಮಿನಡಿ ಬರುತ್ತದೆ? ಪರಿಸರ, ಸಂವಿಧಾನ ಜೋಡಿಸಿ ಓದುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ಗೆ ಬಂದವರ ಟೇಬಲ್ ಮೇಲೆ ಪರಿಸರಕ್ಕೊಂದು ಜೆರಾಕ್ಸ್ ಕಟ್ಟು, ಸಂವಿಧಾನಕ್ಕೊಂದು ಕಟ್ಟು ಇರುತ್ತದೆ. ಒಂದನ್ನು ಈ ತಿಂಗಳು, ಇನ್ನೊಂದನ್ನು ಮುಂದಿನ ತಿಂಗಳು ಓದುತ್ತಾರೆ. ಪ್ರಶ್ನೆ ಪತ್ರಿಕೆಗೆ ಈ ಗಡಿ ಗೊತ್ತಿಲ್ಲ. ಕೆರೆಯ ಹಕ್ಕಿಯಿಂದ ಶುರುವಾದ ಪ್ರಶ್ನೆ ಕಾಯ್ದೆಯ ಕಲಮಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಎರಡಕ್ಕೂ ಒಂದೇ ನೋಟ್‌ಬುಕ್ ಮಾಡಿ. 200 ಪುಟದ ಉದ್ದ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಜಾಗ, ಬಲಪುಟದಲ್ಲಿ ಅದಕ್ಕೆ ಹೊಂದುವ ಕಾನೂನು.

ಸುತ್ತಲಿನ ಜಾಗಗಳಿಂದಲೇ ತೊಡಗಿ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ: ಹಾವೇರಿ ಜಿಲ್ಲೆ, 1974, 119 ಚದರ ಕಿ.ಮೀ. ಕಪ್ಪತಗುಡ್ಡ: ಗದಗ ಜಿಲ್ಲೆ, ಮೊದಲು ಸಂರಕ್ಷಣಾ ಮೀಸಲು, 2019ರಲ್ಲಿ ವನ್ಯಜೀವಿ ಅಭಯಾರಣ್ಯ, ಸುಮಾರು 244 ಚದರ ಕಿ.ಮೀ. ಮಾಗಡಿ ಕೆರೆ: ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕು, ಸಂರಕ್ಷಣಾ ಮೀಸಲು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಜಾಗ, 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಅದರ ಜೊತೆಗೇ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು. ರಾಜ್ಯದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ.

ಊರಿನ ಹೆಸರಿನ ಮುಂದೆ ಜಿಲ್ಲೆ ಬರೆಯುವುದನ್ನು ಯಾವತ್ತೂ ಬಿಡಬೇಡಿ. ಮಾಗಡಿ ಎಂದ ಕೂಡಲೇ ಬೆಂಗಳೂರಿನ ಪಕ್ಕದ ಮಾಗಡಿ ನೆನಪಾಗುತ್ತದೆ. ಬಂಕಾಪುರದ್ದು ಇನ್ನೂ ಕೆಟ್ಟ ಗೊಂದಲ. ಹಾವೇರಿಯ ಬಂಕಾಪುರದಲ್ಲಿರುವುದು ಕೋಟೆಯೊಳಗಿನ ನವಿಲುಧಾಮ. ಬಂಕಾಪುರ ತೋಳಧಾಮ ಇರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಇವೆರಡನ್ನು ಅದಲು ಬದಲು ಮಾಡಿಟ್ಟರೆ ನಮ್ಮ ಭಾಗದವರೇ ಮೊದಲು ಬೀಳುತ್ತಾರೆ, ಏಕೆಂದರೆ ಹೆಸರು ಪರಿಚಿತ, ಧೈರ್ಯ ಜಾಸ್ತಿ.

ಈಗ ಬಲಪುಟ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಅಭಯಾರಣ್ಯಕ್ಕೆ ಕಲಂ 18 ಮತ್ತು 26ಎ, ರಾಷ್ಟ್ರೀಯ ಉದ್ಯಾನಕ್ಕೆ 35, ಸಂರಕ್ಷಣಾ ಮೀಸಲಿಗೆ 36ಎ, ಸಮುದಾಯ ಮೀಸಲಿಗೆ 36ಸಿ. ಕೊನೆಯ ಎರಡು 2002ರ ತಿದ್ದುಪಡಿಯಿಂದ ಬಂದವು. ಅವೆರಡರ ವ್ಯತ್ಯಾಸ ಜಮೀನು ಯಾರದು ಎಂಬುದರಲ್ಲಿದೆ: ಸರ್ಕಾರದ್ದಾದರೆ ಸಂರಕ್ಷಣಾ ಮೀಸಲು, ಸಮುದಾಯ ಅಥವಾ ಖಾಸಗಿಯವರು ತಾವಾಗಿ ಕೊಟ್ಟಿದ್ದಾದರೆ ಸಮುದಾಯ ಮೀಸಲು. ಅಭಯಾರಣ್ಯದಲ್ಲಿ ಮೇವಿಗೆ ನಿಯಂತ್ರಿತ ಅವಕಾಶ ಕೊಡಬಹುದು, ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವಂತಿಲ್ಲ.

ಒಂದು ಮಾದರಿ ಪ್ರಶ್ನೆ ನೋಡಿ. ಹೇಳಿಕೆ ಒಂದು: ಮಾಗಡಿ ಕೆರೆ ರಾಮ್ಸಾರ್ ತಾಣ. ಹೇಳಿಕೆ ಎರಡು: ರಾಮ್ಸಾರ್ ಪಟ್ಟಿಗೆ ಸೇರಿದ್ದರಿಂದ ಅದು ತಾನಾಗಿಯೇ ಅಭಯಾರಣ್ಯವಾಗುತ್ತದೆ. ಮೊದಲನೆಯದು ಸರಿ, ಎರಡನೆಯದು ತಪ್ಪು. ರಾಮ್ಸಾರ್ ಎಂಬುದು 1971ರ ಫೆಬ್ರವರಿ 2ರಂದು ಇರಾನಿನಲ್ಲಿ ಸಹಿಯಾದ ಅಂತಾರಾಷ್ಟ್ರೀಯ ಒಪ್ಪಂದ. ಅಭಯಾರಣ್ಯ ಘೋಷಿಸುವುದು ರಾಜ್ಯ ಸರ್ಕಾರ, 1972ರ ಕಾಯ್ದೆಯಡಿ. ಹೇಳಿಕೆ ಪ್ರಶ್ನೆಯಲ್ಲಿ ‘ತಾನಾಗಿಯೇ’, ‘ಮಾತ್ರ’, ‘ಎಲ್ಲಾ’ ಎಂಬ ಪದ ಕಂಡರೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ, ಮತ್ತೊಮ್ಮೆ ಓದಿ.

ಸಂವಿಧಾನದ ಕಡೆ ಬೆನ್ನೆಲುಬು 42ನೇ ತಿದ್ದುಪಡಿ, 1976. ಪರಿಸರ ಕಾಯುವ ವಿಧಿ 48ಎ (ರಾಜ್ಯದ ಹೊಣೆ, ನಿರ್ದೇಶಕ ತತ್ವ) ಮತ್ತು 51ಎ(ಜಿ) (ಪ್ರಜೆಯ ಕರ್ತವ್ಯ) ಎರಡೂ ಅದರಿಂದಲೇ ಬಂದವು. ಅರಣ್ಯ, ವನ್ಯಪ್ರಾಣಿ-ಪಕ್ಷಿಗಳ ರಕ್ಷಣೆ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿ) ಹೋದದ್ದೂ ಆಗಲೇ. ವಿಧಿ ಎಂದರೆ ಸಂವಿಧಾನದ ಆರ್ಟಿಕಲ್, ಕಲಂ ಎಂದರೆ ಕಾಯ್ದೆಯ ಸೆಕ್ಷನ್. ನೋಟ್‌ಬುಕ್ಕಿನಲ್ಲಿ ಇವನ್ನು ಕಲಸಿದರೆ ಮೂರು ತಿಂಗಳ ನಂತರ ನಿಮ್ಮ ಬರಹವೇ ನಿಮಗೆ ಅರ್ಥವಾಗುವುದಿಲ್ಲ.

ಪರಿಸರ, ಸಂವಿಧಾನ ಗಂಟು ಬಿದ್ದಿರುವ ಒಂದು ಪುಟ ಮಹದಾಯಿ ನದಿ ನೀರಿನ ವಿವಾದಕ್ಕೆ ಮೀಸಲಿಡಿ. ನೀರು ರಾಜ್ಯಪಟ್ಟಿಯ 17ನೇ ನಮೂದು, ಅಂತರರಾಜ್ಯ ನದಿ ಕೇಂದ್ರಪಟ್ಟಿಯ 56ನೇ ನಮೂದು, ವಿವಾದಕ್ಕೆ ವಿಧಿ 262, ಅದರಡಿ 1956ರ ಕಾಯ್ದೆ. ನ್ಯಾಯಮಂಡಳಿ ರಚನೆ 2010, ತೀರ್ಪು 2018. ಕರ್ನಾಟಕಕ್ಕೆ 13.42 ಟಿಎಂಸಿ: ಅದರಲ್ಲಿ 8.02 ವಿದ್ಯುತ್ತಿಗೆ, 1.5 ಕಣಿವೆಯೊಳಗಿನ ಬಳಕೆಗೆ, ಕಳಸಾ ಹಳ್ಳದಿಂದ ತಿರುಗಿಸಿಕೊಳ್ಳಲು 1.72, ಬಂಡೂರಿ ಹಳ್ಳದಿಂದ 2.18. ಕಳಸಾ-ಬಂಡೂರಿ ಕೂಡಿಸಿ 3.9 ಎಂಬ ಅಂಕಿಯನ್ನೇ 13.42ರ ಜಾಗದಲ್ಲಿ ಬರೆದು ಅಂಕ ಕಳೆದುಕೊಳ್ಳುವುದುಂಟು. ಇಂಥ ಯೋಜನೆಗೆ ಅರಣ್ಯ ಭೂಮಿ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ (2023ರ ತಿದ್ದುಪಡಿಯ ನಂತರದ ಹೆಸರು ‘ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ’) ಒಪ್ಪಿಗೆ ಬೇಕು. ರಾಷ್ಟ್ರೀಯ ವನ್ಯಜೀವಿ ಮಂಡಳಿಗೆ ಪ್ರಧಾನಿ ಅಧ್ಯಕ್ಷರು, ರಾಜ್ಯದ್ದಕ್ಕೆ ಮುಖ್ಯಮಂತ್ರಿ.

ಸ್ಥಳೀಯ ಸರ್ಕಾರಕ್ಕೆ ಬಂದರೆ 73ನೇ ತಿದ್ದುಪಡಿ (ಪಂಚಾಯಿತಿ) 1993ರ ಏಪ್ರಿಲ್ 24ರಿಂದ, 74ನೆಯದು (ನಗರ ಸಂಸ್ಥೆ) ಜೂನ್ 1ರಿಂದ ಜಾರಿ. 11ನೇ ಅನುಸೂಚಿ 29 ವಿಷಯ, 12ನೆಯದು 18. ನಗರ ಸಂಸ್ಥೆಗಳ ಮೂರು ದರ್ಜೆ (ವಿಧಿ 243ಕ್ಯೂ) ನೆನಪಿಡಲು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ, ಗದಗ-ಬೆಟಗೇರಿ ನಗರಸಭೆ, ಶಿರಹಟ್ಟಿ ಪಟ್ಟಣ ಪಂಚಾಯಿತಿ ಎಂದು ಬರೆದುಕೊಳ್ಳಿ. ಜೀವವೈವಿಧ್ಯ ಕಾಯ್ದೆ 2002ರ ಕಲಂ 41ರಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುವವರು ಇದನ್ನು ಬಿಡಬಾರದು. ಇನ್ನು ವಿಧಿ 371ಜೆ (ಕಲ್ಯಾಣ ಕರ್ನಾಟಕದವರಿಗೆ ವಿಶೇಷ ಮೀಸಲಾತಿ) ಕೊಪ್ಪಳದವರಿಗೆ ಇದೆ, ಗದಗ-ಹಾವೇರಿ-ಧಾರವಾಡಕ್ಕೆ ಇಲ್ಲ. ಅರ್ಜಿ ತುಂಬುವಾಗಲೂ ಇದು ಬೇಕಾಗುತ್ತದೆ.

ಲೆಕ್ಕದ ಪ್ರಶ್ನೆ ಸುಲಭದ ಅಂಕ. ಲಿಂಡೆಮನ್ನನ 10 ಶೇಕಡಾ ನಿಯಮದಂತೆ ಆಹಾರ ಸರಪಳಿಯ ಒಂದು ಹಂತದ ಶಕ್ತಿಯಲ್ಲಿ ಹತ್ತನೇ ಒಂದು ಭಾಗ ಮಾತ್ರ ಮುಂದಿನ ಹಂತಕ್ಕೆ ಹೋಗುತ್ತದೆ: ಜೋಳದ ಬೆಳೆಯಲ್ಲಿ 10,000 ಕಿಲೋಕ್ಯಾಲರಿ ಇದ್ದರೆ ಮಿಡತೆಗೆ 1,000, ಕಪ್ಪೆಗೆ 100, ಹಾವಿಗೆ 10. ಎಡವುವುದು ಪ್ರಶ್ನೆ ‘ಸೂರ್ಯನ ಬೆಳಕು’ ಎಂದು ಶುರುವಾದಾಗ: ಸಸ್ಯ ಹಿಡಿಯುವುದು ಸುಮಾರು ಶೇ. 1 ಮಾತ್ರ, 10 ಅಲ್ಲ. ಉಣಕಲ್ ಕೆರೆಯ ಅಂತರಗಂಗೆ ನೆನೆದುಕೊಂಡರೆ ಬಿಒಡಿ (ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ತಲೆಕೆಳಗಾಗುವುದಿಲ್ಲ: ಚರಂಡಿ ನೀರು ಸೇರಿದಷ್ಟೂ ಬಿಒಡಿ ಏರುತ್ತದೆ, ಕರಗಿದ ಆಮ್ಲಜನಕ ಇಳಿಯುತ್ತದೆ.

ಹಳೆಯ ನೋಟ್ಸಿನ ಮೇಲೆ ಅನುಮಾನ ಇರಲಿ. ವನ್ಯಜೀವಿ ಕಾಯ್ದೆಗೆ ಆರು ಅನುಸೂಚಿ ಎಂದು ಬರೆದಿದ್ದರೆ ಆ ಕಟ್ಟು ಹಳೆಯದು. 2022ರ ತಿದ್ದುಪಡಿಯ ನಂತರ ನಾಲ್ಕು. ಕರ್ನಾಟಕದ ಎರಡು ‘ಐದು’ಗಳನ್ನೂ (ಐದು ರಾಷ್ಟ್ರೀಯ ಉದ್ಯಾನ, ಐದು ಹುಲಿ ಮೀಸಲು) ಪಕ್ಕಪಕ್ಕ ಬರೆಯಿರಿ. ಬಂಡೀಪುರ, ನಾಗರಹೊಳೆ, ಕಾಳಿ-ಅಣಶಿ ಎರಡರಲ್ಲೂ ಇವೆ. ರಾಷ್ಟ್ರೀಯ ಉದ್ಯಾನದ ಪಟ್ಟಿಗೆ ಬನ್ನೇರುಘಟ್ಟ, ಕುದುರೆಮುಖ ಸೇರುತ್ತವೆ. ಹುಲಿ ಮೀಸಲಿನ ಪಟ್ಟಿಗೆ ಭದ್ರಾ, ಬಿಆರ್‌ಟಿ (ಬಿಳಿಗಿರಿರಂಗನ ಬೆಟ್ಟ).

ತಪ್ಪಿಗೆ ಕಾಲು ಅಂಕ ಕಡಿತವಿದ್ದಾಗ ನಾಲ್ಕು ಆಯ್ಕೆಯ 100 ಪ್ರಶ್ನೆಗೆ ಕುರುಡಾಗಿ ಗುಂಡು ಹೊಡೆದರೆ ಸರಾಸರಿ ಉಳಿಯುವುದು 6.25. ಎರಡು ಆಯ್ಕೆ ಹೊಡೆದುಹಾಕಿ ಊಹಿಸಿದರೆ 37.5. ಅಂದರೆ ಎರಡು ಆಯ್ಕೆ ತೆಗೆಯಲು ಬಂದರೆ ಗುರುತಿಸಿ, ಏನೂ ಹೊಳೆಯದಿದ್ದರೆ ಲಾಭ ತೀರಾ ಕಡಿಮೆ, ಬಿಡಿ. ಪ್ರತಿ ಭಾನುವಾರ ಗಡಿಯಾರ ಇಟ್ಟು 40 ಪ್ರಶ್ನೆ, 45 ನಿಮಿಷ, ಓಎಂಆರ್ ಹಾಳೆಯಲ್ಲೇ. ತಪ್ಪಾದದ್ದನ್ನು ನೋಟ್‌ಬುಕ್ಕಿನ ಆಯಾ ಜಾಗದ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ: ಗೊತ್ತಿರಲಿಲ್ಲವಾದರೆ ‘ಗೊ’, ಓದುವುದರಲ್ಲಿ ತಪ್ಪಿದರೆ ‘ಓ’. ‘ಓ’ಗಳೇ ಹೆಚ್ಚಿದ್ದರೆ ಹೊಸ ಪುಸ್ತಕ ಕೊಳ್ಳುವ ಅಗತ್ಯವಿಲ್ಲ, ಪ್ರಶ್ನೆಯನ್ನು ಎರಡು ಸಲ ಓದಿ.