ಹೂವಿಗಿಂತ ಮೊದಲು ಎಲೆ: ಹಿತ್ತಲಿಗೆ ಚಿಟ್ಟೆಗಳನ್ನು ಕರೆಯುವ ಬಗೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಕಾಂಪೌಂಡಿನೊಳಗೆ ಒಂದಿಷ್ಟು ಮಣ್ಣು ಇದ್ದರೆ ಸಾಕು, ಅಲ್ಲೊಂದು ಕರಿಬೇವು, ಒಂದು ನಿಂಬೆ, ಒಂದು ತುಳಸಿ ಇದ್ದೇ ಇರುತ್ತವೆ. ಮಂಡ್ಯದ ಕಡೆಯ ಹಿತ್ತಲುಗಳಲ್ಲಾದರೆ ಇವುಗಳ ಜೊತೆಗೆ ಬೇಲಿಸಾಲಿನ ಎಕ್ಕ, ಹರಳು, ಕಣಗಿಲೆಗಳೂ ಸೇರುತ್ತವೆ. ಚಿಟ್ಟೆಯ ಲೆಕ್ಕದಲ್ಲಿ ಅರ್ಧ ತೋಟ ಆಗಲೇ ಸಿದ್ಧವಾಗಿದೆ ಎಂದೇ ಅರ್ಥ. ಆದರೂ ಮನೆಗೆ ಚಿಟ್ಟೆ ಬರಲೆಂದು ಆಸೆಪಡುವವರು ಮೊದಲು ಹೋಗುವುದು ನರ್ಸರಿಗೆ, ತರುವುದು ಬಣ್ಣಬಣ್ಣದ ಹೂವಿನ ಕುಂಡಗಳನ್ನು. ಹೂವು ಬೇಕೇ ಬೇಕು. ಆದರೆ ಹೂವಿಗೆ ಬರುವ ಚಿಟ್ಟೆ ಮಕರಂದ ಹೀರಿ ಮುಂದಿನ ಬೀದಿಗೆ ಹಾರಿಹೋಗುತ್ತದೆ. ಎಲೆಗೆ ಬರುವ ಚಿಟ್ಟೆಯಾದರೋ ಬಾಣಂತನಕ್ಕೆ ತವರಿಗೆ ಬಂದ ಮಗಳಂತೆ, ತನ್ನ ಮುಂದಿನ ಪೀಳಿಗೆಯನ್ನೇ ಅಲ್ಲಿ ಬಿಟ್ಟು ಹೋಗುತ್ತದೆ. ಆದ್ದರಿಂದ ಕೆಲಸವನ್ನು ಎಲೆಯಿಂದಲೇ ಆರಂಭಿಸಬೇಕು.

ಚಿಟ್ಟೆಯ ಆಹಾರವೆಂದರೆ ಎರಡು ಬೇರೆ ಬೇರೆ ಊಟಗಳು. ಮರಿಹುಳುವಿಗೆ ಗಟ್ಟಿ ದವಡೆಗಳಿರುವುದರಿಂದ ಅದು ಎಲೆಯನ್ನು ಅಗಿದು ತಿನ್ನುತ್ತದೆ. ರೆಕ್ಕೆ ಬಂದ ಮೇಲೆ ದವಡೆಯ ಬದಲು ಸುರುಳಿ ಸುತ್ತಿದ ಹೀರುಗೊಳವೆ ಇರುವುದರಿಂದ ದ್ರವವನ್ನಲ್ಲದೆ ಬೇರೇನನ್ನೂ ಸೇವಿಸಲಾಗದು. ಇವುಗಳಲ್ಲಿ ಮರಿಯ ಊಟವೇ ಕಟ್ಟುನಿಟ್ಟಿನದು. ಹಲವು ಜಾತಿಯ ಹುಳುಗಳು ಒಂದೆರಡು ಬಗೆಯ ಗಿಡಗಳನ್ನು ಬಿಟ್ಟು ಬೇರೆಯದನ್ನು ಮೂಸಿಯೂ ನೋಡುವುದಿಲ್ಲ. ಗಿಡವನ್ನು ಸರಿಯಾಗಿ ಆರಿಸುವ ಹೊಣೆ ತಾಯಿಯದು. ಅದು ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ಬಡಿದು, ಕಾಲಿನಲ್ಲೇ ರುಚಿ ನೋಡಿ, ಇದೇ ಎಂದು ಖಾತ್ರಿಯಾದ ಮೇಲೆಯೇ ಮೊಟ್ಟೆಯಿಡುತ್ತದೆ.

ಮೊದಲ ಹೆಜ್ಜೆ: ಮರಿಗಳಿಗೆ ಎಲೆ

ಹೊಸಬರು ಕರಿಬೇವಿನಿಂದ ಆರಂಭಿಸುವುದು ಸುಲಭ. ಬಿಸಿಲು ಬೀಳುವ ಕಡೆ ಎರಡು ಗಿಡ ನೆಡಿ, ಒಂದು ಒಗ್ಗರಣೆಗೆ, ಇನ್ನೊಂದು ಹುಳುಗಳಿಗೆ. ಕರಿಬೇವು, ನಿಂಬೆ ಎರಡಕ್ಕೂ ಬರುವ ಲೈಮ್ ಬಟರ್‌ಫ್ಲೈ ಎಳೆಯ ಚಿಗುರಿನ ಮೇಲೆ ಸಾಸಿವೆ ಕಾಳಿನಷ್ಟೂ ಇರದ ತಿಳಿಹಳದಿ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಮೂರ್ನಾಲ್ಕು ದಿನಗಳಲ್ಲಿ ಹೊರಬರುವ ಮರಿ ಕಪ್ಪುಕಂದು ಮೈಯ ಮೇಲೆ ಬಿಳಿ ಮಚ್ಚೆ ಹೊತ್ತು, ಯಾವುದೋ ಗುಬ್ಬಿ ಹಿಕ್ಕೆ ಹಾಕಿ ಹೋದಂತೆಯೇ ಕಾಣುತ್ತದೆ. ಹಕ್ಕಿಗಳು ಅದನ್ನು ಮುಟ್ಟದಿರುವುದಕ್ಕೆ ಈ ವೇಷವೇ ಕಾರಣ. ಕೊನೆಯ ಪೊರೆ ಕಳಚಿದಾಗ ಮೈ ಪೂರ್ತಿ ಹಸಿರಾಗಿ ಎಲೆಯೊಳಗೆ ಬೆರೆತುಹೋಗುತ್ತದೆ. ಆಗ ಕಡ್ಡಿಯಿಂದ ಮೆಲ್ಲನೆ ಸೋಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥ ಅಂಗವೊಂದು ಫಕ್ಕನೆ ಹೊರಚಾಚಿ ಗಬ್ಬು ವಾಸನೆ ಬೀರುತ್ತದೆ. ಹೆದರಬೇಕಾಗಿಲ್ಲ, ಅದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮುಟ್ಟಿದರೆ ತುರಿಕೆ ತರುವ ದಟ್ಟರೋಮದ ಕಂಬಳಿಹುಳುಗಳು ಬಹುಪಾಲು ಪತಂಗಗಳ ಮರಿಗಳೇ ಹೊರತು ಚಿಟ್ಟೆಗಳವಲ್ಲ. ಅಡುಗೆಯ ಗಿಡದಲ್ಲಿ ಹುಳು ಕಂಡರೆ ಅದಿರುವ ರೆಂಬೆಯನ್ನೇ ಕತ್ತರಿಸಿ ಇನ್ನೊಂದು ಗಿಡಕ್ಕೆ ಸಿಕ್ಕಿಸಿ. ಚೆನ್ನಾಗಿ ಬೇರೂರಿದ ಗಿಡ ಬೋಳಾದರೂ ಸಾಯುವುದಿಲ್ಲ, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ.

ಉಳಿದ ಗಿಡಗಳನ್ನು ಜಾಗ ನೋಡಿ ಆರಿಸಿಕೊಳ್ಳಬಹುದು. ಎಕ್ಕದ ಮೇಲೆ ಪ್ಲೇನ್ ಟೈಗರ್ ಬೆಳೆಯುತ್ತದೆ. ಕಣಗಿಲೆಯ ಮೇಲೆ ಕಾಮನ್ ಕ್ರೋ ಬೆಳೆದು, ಬೆಳ್ಳಿಯ ಲೇಪ ಕೊಟ್ಟಂತೆ ಹೊಳೆಯುವ ಕೋಶವನ್ನು ಎಲೆಯ ಅಡಿಯಲ್ಲಿ ತೂಗುಬಿಡುತ್ತದೆ. ಈ ಎರಡೂ ಗಿಡಗಳು ವಿಷಕಾರಿ, ಎಕ್ಕದ ಹಾಲು ಕಣ್ಣಿಗೆ ತಾಗಬಾರದು; ಆದ್ದರಿಂದ ಮಕ್ಕಳು ಆಡುವ, ದನ ಕಟ್ಟುವ ಜಾಗದಿಂದ ಇವನ್ನು ದೂರವಿಡಿ. ಸೀತಾಫಲ, ಸಂಪಿಗೆಗಳಿಗೆ ಟೈಲ್ಡ್ ಜೇ ಬರುತ್ತದೆ. ಹರಳು ಗಿಡಕ್ಕೆ ಕ್ಯಾಸ್ಟರ್ ಎಂಬ ಹೆಸರಿನ ಚಿಟ್ಟೆಯೂ ಕಕ್ಕೆ ಮರಕ್ಕೆ ಎಮಿಗ್ರೆಂಟ್ ಚಿಟ್ಟೆಗಳೂ ಬರುತ್ತವೆ. ಕಳೆಯೆಂದು ಕಿತ್ತೆಸೆಯುವ ಗೋಣಿಸೊಪ್ಪು ಕೂಡ ಡನೈಡ್ ಎಗ್‌ಫ್ಲೈ ಮರಿಗಳಿಗೆ ಮೇವು. ಗದ್ದೆ ಬಯಲಿನ ಊರುಗಳಲ್ಲಿ ಭತ್ತ ಮತ್ತು ಹುಲ್ಲುಗಳ ಮೇಲೆ ಬೆಳೆಯುವ ಈವ್ನಿಂಗ್ ಬ್ರೌನ್ ಮುಸ್ಸಂಜೆಯ ಹೊತ್ತಿಗೆ ದೀಪದ ಬೆಳಕಿಗೆ ಮನೆಯೊಳಗೂ ಬರುವುದುಂಟು.

ಈಶ್ವರಿ ಬಳ್ಳಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಇದೇ ಕುಟುಂಬದ ಬಳ್ಳಿಗಳ ಮೇಲೆ ಬೆಳೆಯುತ್ತದೆ. ಪಶ್ಚಿಮ ಘಟ್ಟದ ಆ ದೊಡ್ಡ ಚಿಟ್ಟೆ ಕುವೆಂಪುನಗರದ ಹಿತ್ತಲಿಗೆ ಬಂದೀತೆಂದು ಬಳ್ಳಿ ಹಬ್ಬಿಸುವುದು ಅತಿಯಾಸೆಯೇ ಸರಿ. ಆದರೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ಕೆಂಪು ಮೈಯ ಸುಂದರಿಯರು ಬಯಲುಸೀಮೆಯಲ್ಲೂ ಇದ್ದು, ಇದೇ ಬಳ್ಳಿಯನ್ನು ಹುಡುಕಿಕೊಂಡು ಬರುತ್ತವೆ. ಬಳ್ಳಿಯ ವಿಷ ಮರಿಯ ಮೂಲಕ ಚಿಟ್ಟೆಯ ಮೈಗೂ ಸೇರುವುದರಿಂದ ಹಕ್ಕಿಗಳು ಇವನ್ನು ದೂರವಿಡುತ್ತವೆ. ಕರಿಬೇವು ತಿಂದು ಬೆಳೆಯುವ, ಯಾವ ವಿಷವೂ ಇಲ್ಲದ ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು ಇವುಗಳದೇ ವೇಷ ಹಾಕಿ ಜೀವ ಉಳಿಸಿಕೊಳ್ಳುತ್ತವೆ. ಎರಡೂ ಗಿಡಗಳಿರುವ ಹಿತ್ತಲಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸಬೇಕಾದರೆ ರೆಕ್ಕೆಯನ್ನಲ್ಲ, ಮೈಯನ್ನು ನೋಡಬೇಕು: ಅಸಲಿಯ ಮೈ ಕೆಂಪು, ನಕಲಿಯದು ಕಪ್ಪು.

ಎರಡನೆಯದು: ಹೂವು

ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಜನರ ಕಣ್ಣು ಸೆಳೆಯುವ ದಟ್ಟದಳದ ಹೂವುಗಳು ಚಿಟ್ಟೆಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ದಳಗಳ ಒತ್ತಿನಲ್ಲಿ ಮಕರಂದ ಕೈಗೆಟುಕದಂತಾಗಿರುತ್ತದೆ, ಅಥವಾ ಇರುವುದೇ ಇಲ್ಲ. ಒಂದೇ ಸುತ್ತಿನ ದಳವಿರುವ ಜಿನಿಯಾ, ಕಾಸ್ಮಾಸ್, ನಾಟಿ ಚೆಂಡುಹೂ, ಗೊಂಚಲು ಗೊಂಚಲಾಗಿ ಅರಳುವ ಪೆಂಟಾಸ್, ಇಕ್ಸೋರಗಳನ್ನು ಆರಿಸಿಕೊಳ್ಳಿ. ರತ್ನಗಂಧಿಯ ಒಂದು ಗಿಡವಿದ್ದರೆ ದೊಡ್ಡ ಚಿಟ್ಟೆಗಳು ತಪ್ಪದೆ ಬರುತ್ತವೆ. ಕಿರಿಬೆರಳ ಉಗುರಿನಷ್ಟೇ ಇರುವ ನೀಲಿ ಚಿಟ್ಟೆಗಳ ಹೀರುಗೊಳವೆ ಗಿಡ್ಡವಾದ್ದರಿಂದ ಅವುಗಳಿಗೆ ತುಳಸಿ, ತುಂಬೆಯಂಥ ಪುಟ್ಟ ಹೂವುಗಳೇ ಬೇಕು. ಒಂದೊಂದು ಜಾತಿಯದು ಒಂದೊಂದೇ ಗಿಡವನ್ನು ಅಲ್ಲಲ್ಲಿ ನೆಡುವುದಕ್ಕಿಂತ ಒಂದೇ ಜಾತಿಯ ಹಲವು ಗಿಡಗಳನ್ನು ಒತ್ತಾಗಿ ನೆಟ್ಟರೆ ದೂರದಿಂದಲೂ ಕಾಣುತ್ತದೆ. ಲಂಟಾನಕ್ಕೆ ಚಿಟ್ಟೆಗಳು ಮುತ್ತುವುದು ನಿಜವಾದರೂ, ಬಂಡೀಪುರ, ನಾಗರಹೊಳೆಗಳ ಕಾಡನ್ನು ಅದು ಆವರಿಸಿರುವ ಪರಿ ಕಂಡವರು ಮನೆಯಲ್ಲಿ ನೆಡಲಾರರು.

ಗಿಡಗಳ ಜಾಗ ಬೆಳಗಿನ ಬಿಸಿಲು ಬೀಳುವಂತಿರಲಿ, ಗಾಳಿಗೆ ಒಂದಿಷ್ಟು ಮರೆಯಿರಲಿ. ಚಿಟ್ಟೆ ಶೀತರಕ್ತದ ಜೀವಿಯಾದ್ದರಿಂದ ಮೈ ಕಾಯದೆ ಹಾರಲಾರದು. ಹೂವಿನ ಮಡಿಯ ಪಕ್ಕದಲ್ಲೊಂದು ಚಪ್ಪಡಿ ಕಲ್ಲು ಹಾಕಿದರೆ ಬೆಳಿಗ್ಗೆ ಅದರ ಮೇಲೆ ರೆಕ್ಕೆ ಹರಡಿ ಕೂರುತ್ತದೆ.

ಕೆಸರು, ಕೊಳೆತ ಹಣ್ಣು

ಮಕರಂದದಲ್ಲಿ ಸಕ್ಕರೆಯಿದೆ, ಉಪ್ಪಿನಂಶ ತೀರಾ ಕಡಿಮೆ. ಆ ಕೊರತೆ ತುಂಬಿಕೊಳ್ಳಲು ಚಿಟ್ಟೆಗಳು, ಅದರಲ್ಲೂ ಗಂಡುಗಳು, ಒದ್ದೆ ಮಣ್ಣಿನ ಮೇಲೆ ಗುಂಪುಗೂಡಿ ಹೀರುತ್ತವೆ. ಹೀಗೆ ಸಂಗ್ರಹಿಸಿದ ಸೋಡಿಯಂ ಕೂಡುವಾಗ ಹೆಣ್ಣಿಗೂ, ಅದರ ಮೂಲಕ ಮೊಟ್ಟೆಗಳಿಗೂ ಸಲ್ಲುತ್ತದೆ. ಕಾವೇರಿ ದಂಡೆಯ ಒದ್ದೆ ಮರಳಿನಲ್ಲಿ ಕಾಣುವ ಈ ನೋಟವನ್ನು ಮನೆಯಲ್ಲೂ ತರಬಹುದು. ಅಗಲವಾದ ಮಣ್ಣಿನ ತಟ್ಟೆಗೆ ಮರಳು, ಒಂದು ಹಿಡಿ ಕೊಟ್ಟಿಗೆ ಗೊಬ್ಬರ, ಒಂದು ಚಿಟಿಕೆ ಉಪ್ಪು ಬೆರೆಸಿ ಸದಾ ಒದ್ದೆಯಾಗಿಡಿ. ನೀರು ಮಾತ್ರ ಮೇಲೆ ನಿಲ್ಲಬಾರದು, ನಿಂತರೆ ಚಿಟ್ಟೆಗಿಂತ ಮೊದಲು ಸೊಳ್ಳೆ ಬರುತ್ತದೆ.

ಬ್ಯಾರನ್, ಈವ್ನಿಂಗ್ ಬ್ರೌನ್‌ನಂಥ ಕೆಲವು ಚಿಟ್ಟೆಗಳಿಗೆ ಹೂವಿಗಿಂತ ಹುಳಿತ ಹಣ್ಣೇ ಇಷ್ಟ. ಕಪ್ಪಾದ ಬಾಳೆಹಣ್ಣು, ಬಿದ್ದ ಸೀಬೆಹಣ್ಣನ್ನು ತಟ್ಟೆಯಲ್ಲಿಟ್ಟು, ಆ ತಟ್ಟೆಯನ್ನು ನೀರಿರುವ ಇನ್ನೊಂದು ತಟ್ಟೆಯೊಳಗಿಟ್ಟರೆ ಇರುವೆ ಹತ್ತುವುದಿಲ್ಲ. ನೀರನ್ನು ದಿನವೂ ಬದಲಿಸಿ.

ಔಷಧಿ ಬೇಡ

ಕೀಟನಾಶಕ ಹೊಡೆಯುವ ತೋಟದಲ್ಲಿ ಮೇಲಿನ ಯಾವ ಸಿದ್ಧತೆಯೂ ಫಲಿಸದು. ಬೇವಿನ ಎಣ್ಣೆ ಸಾವಯವವೆಂಬ ಕಾರಣಕ್ಕೆ ನಿರಪಾಯವಲ್ಲ, ಮರಿಹುಳುವಿಗೂ ಅದು ಮಾರಕವೇ. ಎಕ್ಕದ ಚಿಗುರಿಗೆ ಮುತ್ತುವ ಹಳದಿ ಹೇನುಗಳನ್ನು ನೀರಿನ ರಭಸದಿಂದಲೇ ತೊಳೆಯಬಹುದು. ನರ್ಸರಿಯಿಂದ ತಂದ ಗಿಡಕ್ಕೆ ಅಲ್ಲಿಯೇ ಔಷಧಿ ಬಿದ್ದಿರುವ ಸಾಧ್ಯತೆ ಇರುವುದರಿಂದ, ಅದು ನಿಮ್ಮಲ್ಲಿ ಹೊಸ ಚಿಗುರು ಬಿಡುವವರೆಗೆ ಹುಳುಗಳನ್ನು ಅದರ ಮೇಲೆ ಬಿಡಬೇಡಿ. ಬೀಜ ಬಿತ್ತಿ ಬೆಳೆಸಿದ ಗಿಡಕ್ಕೆ ಈ ತಾಪತ್ರಯವಿಲ್ಲ. ಕಣಜ, ಓತಿಕ್ಯಾತ, ಹಕ್ಕಿಗಳು ಅನೇಕ ಮರಿಗಳನ್ನು ತಿನ್ನುತ್ತವೆ, ಅದಕ್ಕೆ ಬೇಸರಪಡಬೇಕಾಗಿಲ್ಲ.

ಗಿಡ ಸವರುವಾಗ ಪ್ರತಿ ರೆಂಬೆಯ ಅಡಿಯನ್ನೂ ನೋಡಿ. ರೇಷ್ಮೆಯ ಎಳೆಯಿಂದ ಸೊಂಟ ಕಟ್ಟಿಕೊಂಡು ಕುಳಿತ ಕೋಶ ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಹಸಿರಾಗಿಯೋ ಕಂದಾಗಿಯೋ ಇರುವುದರಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕಂಡರೆ ಆ ರೆಂಬೆಯನ್ನು ಒಂದೆರಡು ವಾರ ಹಾಗೆಯೇ ಬಿಡಿ.

ಮಣ್ಣೇ ಇಲ್ಲದ ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ಒಂದು ಕುಂಡ ಕಾಡುಬಸಳೆ, ಒಂದು ಕುಂಡ ಪೆಂಟಾಸ್ ಇಟ್ಟುಕೊಳ್ಳಬಹುದು. ರೆಡ್ ಪಿಯರೊ ಎಂಬ ಕಪ್ಪು, ಬಿಳಿ, ಕಿತ್ತಳೆ ಬಣ್ಣದ ಪುಟ್ಟ ಚಿಟ್ಟೆ ಕಾಡುಬಸಳೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಎಲೆಯ ಮೇಲೆ ಕಾಣಿಸುವುದಿಲ್ಲ. ದಪ್ಪನೆಯ ಎಲೆಯೊಳಗೆ ಸುರಂಗ ಕೊರೆದು ತಿರುಳನ್ನು ತಿನ್ನುತ್ತದೆ. ಎಲೆ ಮೇಲುಮೇಲಕ್ಕೆ ಪೊಳ್ಳಾಗಿ ಬಿಳಿಚಿಕೊಂಡಿದ್ದರೆ ರೋಗವೆಂದು ಕಿತ್ತು ಬಿಸಾಡದೆ, ಬೆಳಕಿಗೆ ಹಿಡಿದು ಒಳಗೆ ಹುಳು ಇದೆಯೇ ಎಂದು ನೋಡಿ.