ಪುಣೆಯ ಅಂಗಳಕ್ಕೆ ಫರಸಿ, ಕಟ್ಟೆಗೆ ಕರಿಕಲ್ಲು

ಪುಣೆಯಲ್ಲಿ ಮನೆ ಕಟ್ಟಿಕೊಂಡ ನಮ್ಮ ಕಡೆಯವರು ಅಂಗಳದ ಕಾಲುದಾರಿಗೆ ಕಲ್ಲು ಹುಡುಕಲು ಹೊರಟರೆ, ಕಲಬುರಗಿ ಜಿಲ್ಲೆಯ ಶಹಾಬಾದಿ ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು, ಅಲ್ಲಿಯೂ ಎದುರಾಗುತ್ತದೆ. ಅದು ಪದರುಪದರಾಗಿ ಏಳುವ ಸುಣ್ಣಕಲ್ಲು. ಪುಣೆಯ ನೆಲದಡಿಯಲ್ಲಿರುವುದು ಲಾವಾ ಆರಿ ಗಟ್ಟಿಯಾದ ಕರಿಕಲ್ಲು. ದಾರಿಗೆ ಮೊದಲನೆಯದನ್ನೂ ತಗ್ಗು ಗೋಡೆಗೆ ಎರಡನೆಯದನ್ನೂ ಬಳಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಫರಸಿ ಅಲುಗಾಡಿದರೆ ತಪ್ಪು ಸಾಮಾನ್ಯವಾಗಿ ಕಲ್ಲಿನದಲ್ಲ, ಅದರ ಕೆಳಗಿನ ನೆಲದ್ದು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿದ್ದರೆ ಅದನ್ನು ಅಗೆದು ತೆಗೆದು, ಗರಸನ್ನು (ಸಣ್ಣ ಕಲ್ಲು ಬೆರೆತ ಮಣ್ಣನ್ನು) ನಾಲ್ಕು ಇಂಚಿನ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಬಡಿದು ಧಮ್ಮಸು ಮಾಡಬೇಕು. ಅದರ ಮೇಲೆ ಮೂರು ನಾಲ್ಕು ಇಂಚು ಖಡಿ (ಜಲ್ಲಿಕಲ್ಲು), ಆಮೇಲೆ ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು ಬೆರೆಸಿದ ಒಂದೂವರೆ ಇಂಚಿನ ಗಾರೆ. ಗಾರೆಯನ್ನು ಐದು ಮುದ್ದೆಗಳಾಗಿ ಇಟ್ಟು ಫರಸಿ ಕೂರಿಸುವ ಅವಸರದ ಪದ್ಧತಿಯನ್ನು ಒಪ್ಪಬೇಡಿ. ಟೊಳ್ಳು ಉಳಿದ ಜಾಗದಲ್ಲಿ ಸ್ಕೂಟರಿನ ಚಕ್ರ ಹತ್ತಿದರೆ ಕಲ್ಲು ಸೀಳುತ್ತದೆ. ಇಳಿಜಾರು ಮನೆಯ ಗೋಡೆಯಿಂದ ಹೊರಗೆ, ಮೀಟರಿಗೆ ಸುಮಾರು 15 ಮಿಲಿಮೀಟರ್ ಇರಲಿ.

ಕೊಯ್ಯುವಾಗ ಗೆರೆ ಎಳೆದು, ವಜ್ರದ ಬ್ಲೇಡಿನಿಂದ ನೀರು ಹಾಯಿಸುತ್ತ, ಒಂದೇ ಸಲ ಪೂರ್ತಿ ಇಳಿಸದೆ ಎರಡು ಮೂರು ಸಲಕ್ಕೆ ಕತ್ತರಿಸಬೇಕು. ನೀರು ಬಳಸಲೆಂದೇ ಮಾಡಿದ ಯಂತ್ರವನ್ನೇ ತರಿಸಿ, ವಿದ್ಯುತ್ ಸೋರಿದರೆ ತಾನಾಗಿ ಕಡಿದುಹೋಗುವ ಸ್ವಿಚ್ಚಿನ ಮೂಲಕವೇ ಅದಕ್ಕೆ ಕರೆಂಟು ಕೊಡಿ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಕೆಡುಕು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ, ದೂಳು ಸೋಸುವ ಮಾಸ್ಕೇ ಬೇಕು. ಕರಿಕಲ್ಲನ್ನು ಮಾತ್ರ ಉಳಿ ಸುತ್ತಿಗೆಯಿಂದ ಒಡೆದರೆ ಗೋಡೆಗೆ ಒಪ್ಪುವ ಒರಟು ಮುಖ ಸಿಗುತ್ತದೆ.

ಸಂದುಗಳಿಗೆ ಗಾರೆ ತುಂಬಿದ ಮೇಲೆ ಏಳು ದಿನ ಹಸಿಯಾಗಿಡಿ. ಸಿಮೆಂಟಿನ ಕಲೆ ತೆಗೆಯಲು ಗೌಂಡಿ ಆ್ಯಸಿಡ್ ತಂದರೆ ಅಲ್ಲಿಯೇ ತಡೆಯಿರಿ: ಸುಣ್ಣಕಲ್ಲು ಆ್ಯಸಿಡಿಗೆ ನೊರೆಯೆದ್ದು ಕರಗುತ್ತದೆ. ನಮ್ಮ ಅಂಗಳದಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಮೂರು ಫರಸಿಗಳು ಬಿಳಿಚಿಕೊಂಡಿದ್ದವು. ಗಾರೆ ಒಣಗುವ ಮೊದಲೇ ಒದ್ದೆ ಗೋಣಿಯಿಂದ ಒರೆಸಿದ್ದರೆ ಸಾಕಾಗುತ್ತಿತ್ತು.

ಮಣ್ಣು ತಡೆಯುವ ಮೊಣಕಾಲೆತ್ತರದ ಕಟ್ಟೆಯಾದರೆ, ಸಂದಿನ ಮೇಲೆ ಸಂದು ಬಾರದಂತೆ ಕಲ್ಲು ಜೋಡಿಸಿ, ಗೋಡೆಯ ದಪ್ಪವನ್ನು ಪೂರ್ತಿ ಹಾಯುವ ಅಡ್ಡಗಲ್ಲುಗಳನ್ನು ಅಲ್ಲಲ್ಲಿ ಇಡಬೇಕು. ಕಟ್ಟೆಯ ಹಿಂದೆ ಖಡಿ ತುಂಬಿ, ಬುಡದಲ್ಲಿ ಸುಮಾರು ಒಂದೂವರೆ ಮೀಟರಿಗೊಂದರಂತೆ ಕೊಳವೆಯ ತೂತುಗಳನ್ನು ಬಿಡಿ. ಇಲ್ಲವಾದರೆ ಜುಲೈ ಮಳೆಯಲ್ಲಿ ಹಿಂದೆ ನಿಂತ ನೀರೇ ಕಟ್ಟೆಯನ್ನು ಮುಂದಕ್ಕೆ ದೂಡುತ್ತದೆ.