21,300 ಅಂದರು, 16,977 ಬಂತು: ನಾನು ಪೇಸ್ಲಿಪ್ ಓದಲು ಕಲಿತದ್ದು

2021ರಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಸಿಟಿಸಿ (ಕಾಸ್ಟ್ ಟು ಕಂಪನಿ, ಅಂದ್ರೆ ನನಗಾಗಿ ಕಂಪನಿ ಮಾಡೋ ಒಟ್ಟು ಖರ್ಚು) ತಿಂಗಳಿಗೆ 21,300 ಹತ್ತಿರ ಬರುತ್ತೆ ಅಂದಿದ್ದರು. ಅಮ್ಮನಿಗೆ ಫೋನ್ ಮಾಡಿ ಅದೇ ಲೆಕ್ಕ ಹೇಳಿದ್ದೆ. ಬ್ಯಾಂಕಿಗೆ ಬಂದದ್ದು 16,977.

ಪೇಸ್ಲಿಪ್ ತೆಗೆದರೆ ಬರೀ ಅಕ್ಷರಗಳು. ಎಡಗಡೆ ಬರೋದು, ಬಲಗಡೆ ಹೋಗೋದು, ಅಷ್ಟು ಮಾತ್ರ ತಿಳಿಯಿತು. ಭಾನುವಾರ ರೂಮಿನಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತೆ.

ಎಡಗಡೆ ಸುಲಭ. ಬೇಸಿಕ್, ಅಂದ್ರೆ ಮೂಲ ವೇತನವೂ, ಡಿಎ, ಅಂದ್ರೆ ತುಟ್ಟಿಭತ್ಯೆಯೂ ಸೇರಿ 14,000. ಎಚ್‌ಆರ್‌ಎ ಮನೆ ಬಾಡಿಗೆಯದು, 3,500. ಓಡಾಟಕ್ಕೆ 1,500. ಒಟ್ಟು 19,000, ಅದೇ ಗ್ರಾಸ್.

ಬಲಗಡೆ ಮೂರೇ ಸಾಲು. ಪಿಎಫ್, ಅಂದ್ರೆ ಭವಿಷ್ಯ ನಿಧಿ, 1,680. ಅದು 14,000ಕ್ಕೆ ಶೇ. 12. ಇಎಸ್‌ಐ, ಅಂದ್ರೆ ನೌಕರರ ವಿಮೆ, ಪೂರ್ತಿ ಗ್ರಾಸ್ ಮೇಲೆ ಶೇ. 0.75. ಲೆಕ್ಕಕ್ಕೆ 142.50 ಬರುತ್ತೆ, ಮೇಲಿನ ರೂಪಾಯಿಗೆ ಏರಿಸಿ 143 ಹಿಡಿದಿದ್ದರು. ಪಿಟಿ 200, ವೃತ್ತಿ ತೆರಿಗೆ. (2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಕರ್ನಾಟಕದಲ್ಲಿ ಅದು ಹೋಯಿತು.) ಕಳೆದರೆ ಸರಿಯಾಗಿ 16,977.

ಹಾಗಾದರೆ 21,300 ಎಲ್ಲಿಂದ ಬಂತು? ಅಕೌಂಟ್ಸ್ ಮೇಡಂ ನಕ್ಕರು. "ಕಂಪನಿ ಕಟ್ಟೋ ಪಿಎಫ್, ಇಎಸ್‌ಐನೂ ಸೇರಿಸಿಯೇ ಸಿಟಿಸಿ ಹೇಳೋದು ಕಣಪ್ಪಾ." ಅವರ ಪಾಲಿನ ಪಿಎಫ್ 1,680, ಇಎಸ್‌ಐ ಶೇ. 3.25ರಂತೆ 618. ಕೂಡಿದರೆ 21,298. ಲೆಕ್ಕ ಸರಿ. ಆದರೆ ಕೆಲಸ ಕೇಳಿಕೊಂಡು ಬಂದ ಹುಡುಗನಿಗೆ ಕೈಗೆ ಎಷ್ಟು ಬರುತ್ತೆ ಅಂತ ಮೊದಲೇ ಹೇಳಬೇಕು ಅಲ್ವಾ?

ಪಿಎಫ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಗೊಂದಲ. ನನ್ನ 1,680 ಪೂರ್ತಿ ಇತ್ತು, ಕಂಪನಿಯದು ಬರೀ 514. ಕದ್ದರಾ ಅಂದುಕೊಂಡೆ! ಪಕ್ಕದ ಕಾಲಂನಲ್ಲಿ 1,166 ಇತ್ತು. ಕಂಪನಿಯ ಪಾಲಿನಲ್ಲಿ 14,000ದ ಶೇ. 8.33ರಷ್ಟು ಪಿಂಚಣಿ ಯೋಜನೆಗೆ ಹೋಗುತ್ತಂತೆ, ಅದೇ ಇಪಿಎಸ್.

ಡಿಸೆಂಬರ್‌ನಲ್ಲಿ ಎಲ್‌ಡಬ್ಲ್ಯುಎಫ್ ಅಂತ 20 ರೂಪಾಯಿ ಹಿಡಿದರು. ಕಾರ್ಮಿಕ ಕಲ್ಯಾಣ ನಿಧಿ, ವರ್ಷಕ್ಕೊಂದೇ ಸಲ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಸೆಪ್ಟೆಂಬರ್ ಸ್ಲಿಪ್ಪು. ಗೌರಿ ಹಬ್ಬಕ್ಕೆ ಎರಡು ದಿನ ಸಿಎಲ್, ಅಂದ್ರೆ ಸಂಬಳ ಕಡಿತವಾಗದ ಸಾಂದರ್ಭಿಕ ರಜೆ ಹಾಕಿ ಊರಿಗೆ ಹೋಗಿದ್ದೆ. ಸಂಬಳ ಬಂದದ್ದು 15,832. ಮೊದಲಾಗಿದ್ದರೆ ಏನೋ ಹಿಡಿದಿದ್ದಾರೆ ಅಂತ ಸುಮ್ನೆ ಇರುತ್ತಿದ್ದೆ. ಈ ಸಲ ಮೇಲಿನ ಸಾಲು ನೋಡಿದೆ: ಎಲ್‌ಒಪಿ 2. ಸಂಬಳವಿಲ್ಲದ ರಜೆ ಅಂತ ಹಾಕಿದ್ದರು. 19,000 ಭಾಗಿಸು 30, ಎರಡು ದಿನಕ್ಕೆ 1,267 ಹೋಗಿತ್ತು. ಜೊತೆಗೆ ಬೇಸಿಕ್ಕೂ ಇಳಿದು ಪಿಎಫ್ 1,568 ಆಗಿತ್ತು. ನನ್ನ ಕಡೆಯಿಂದ 112, ಕಂಪನಿ ಕಡೆಯಿಂದ ಇನ್ನೊಂದು 112 ಕಮ್ಮಿ. ಎಲ್‌ಒಪಿ ಬಿದ್ದರೆ ಪಿಎಫ್‌ಗೂ ಏಟು ಅನ್ನೋದು ನನಗೆ ಆಗಲೇ ಗೊತ್ತಾದದ್ದು.

ಸೂಪರ್‌ವೈಸರ್ ಸಹಿ ಹಾಕಿದ್ದ ರಜೆ ಅರ್ಜಿಯ ಫೋಟೊ ಫೋನಿನಲ್ಲಿತ್ತು. ಅದನ್ನೂ ಲೆಕ್ಕ ಬರೆದ ಚೀಟಿಯನ್ನೂ ಮೇಡಂಗೆ ತೋರಿಸಿದೆ. ಅರ್ಜಿ ಅವರ ಟೇಬಲ್ಲಿಗೆ ಬಂದೇ ಇರಲಿಲ್ಲವಂತೆ. ಮುಂದಿನ ತಿಂಗಳು ಎಡಗಡೆ ಅರಿಯರ್ಸ್, ಅಂದ್ರೆ ಹಿಂದಿನ ಬಾಕಿ, 1,267 ಬಂತು. ಬಲಗಡೆ ಪಿಎಫ್ 1,792. ಜಾಸ್ತಿ ಹಿಡಿದಿದ್ದಾರೆ ಅಂತ ಖುಷಿಪಟ್ಟದ್ದು ಅದೊಂದೇ ಸಲ.